ಸಣ್ಣ ಟ್ರೈಲರಿಗೆ ರೇಡಿಯಲ್ಲೋ ನೈಲಾನೋ: ಒಂದು ಜೋಡಿ ಟೈರು ಬದಲಿಸಿದ ಕೆಲಸದ ದಾಖಲೆ

ಕಾರಿನ ಹಿಂದೆ ಎಳೆಯುವ, ಒಂದೇ ಆಕ್ಸಲಿನ ತೆರೆದ ಟ್ರೈಲರು. ಎಲೆ ಸ್ಪ್ರಿಂಗು. ರಿಮ್ 13 ಇಂಚು, ಅಗಲ 5 ಇಂಚು, ಐದು ಸ್ಟಡ್, ಸ್ಟಡ್ ವೃತ್ತ 114.3 ಮಿಮೀ. ಬೇಕಾದದ್ದು ಎರಡು ಟೈರು, ಒಂದು ಸ್ಟೆಪ್ನಿ. ಎಡಗಡೆ ಇದ್ದದ್ದು ಬಯಾಸ್ ಪ್ಲೈ, ಅಂದರೆ ಗ್ಯಾರೇಜುಗಳಲ್ಲಿ ನೈಲಾನ್ ಎಂದು ಕರೆಯುವ ಟೈರು, ಬಲಗಡೆ ರೇಡಿಯಲ್. ಒಂದೇ ಆಕ್ಸಲಿಗೆ ಎರಡು ಜಾತಿ. ಖಾಲಿ ಇದ್ದಾಗ ಗೊತ್ತಾಗದ ಎಳೆತ, ಸಾಮಾನು ತುಂಬಿದ ಕೂಡಲೇ ಶುರುವಾಗುತ್ತಿತ್ತು.

ಉಪಕರಣಗಳು: ಜಾಕ್, ಎರಡು ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಅಡ್ಡಕಟ್ಟೆ, ಎರಡು ಟೈರು ಲಿವರ್, ವಾಲ್ವ್ ಎಳೆಯುವ ಸಾಧನ, ತಂತಿ ಬ್ರಷ್, ಟಾರ್ಕ್ ವ್ರೆಂಚ್, 100 ಪಿಎಸ್‌ಐವರೆಗೆ ಓದುವ ಗೇಜು, ಉದ್ದ ಪೈಪು ಮತ್ತು ಕಚ್ಚಿಕೊಳ್ಳುವ ತುದಿಯಿರುವ ಕಂಪ್ರೆಸರ್, ಸೀಮೆಸುಣ್ಣ, ದೂರದಿಂದಲೇ ಉಷ್ಣತೆ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್.

ಹಂತ 1: ಹಳೆಯ ಟೈರು ಓದಿದ್ದು

ಬಿಚ್ಚುವ ಮೊದಲೇ ಎರಡೂ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಒರೆಸಿ ಓದಿದ್ದು. ಎಡಗಡೆಯದು ಎಸ್‌ಟಿ (ಟ್ರೈಲರಿಗೆಂದೇ ಮಾಡಿದ ಟೈರು) 175/80 ಡಿ 13, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಬಿ. ಬಲಗಡೆಯದು ಎಸ್‌ಟಿ 175/80 ಆರ್ 13, ಲೋಡ್ ರೇಂಜ್ ಸಿ. ಇಲ್ಲಿ ತುಂಬ ಜನ ಎಡವುತ್ತಾರೆ. ಅಳತೆಯ ನಡುವೆ ಬರುವ ಅಕ್ಷರ ಟೈರಿನ ಕಟ್ಟುಬಗೆಯನ್ನು ಹೇಳುತ್ತದೆ: ಆರ್ ಎಂದರೆ ರೇಡಿಯಲ್, ಡಿ ಎಂದರೆ ಡಯಾಗನಲ್, ಅದೇ ಬಯಾಸ್. ಲೋಡ್ ರೇಂಜಿನ ಅಕ್ಷರ ಬೇರೆಯೇ ಸಂಗತಿ. ಅಲ್ಲಿ ಬಿ ಎಂದರೆ 4 ಪ್ಲೈ ರೇಟಿಂಗ್, ಸಿ ಎಂದರೆ 6, ಡಿ ಎಂದರೆ 8. "ಡಿ ಟೈರು ಕೊಡಿ" ಎಂದು ಕೇಳಿದರೆ ಎರಡರಲ್ಲಿ ಯಾವುದಾದರೂ ಬರಬಹುದು. ಪೂರ್ತಿ ಅಳತೆಯನ್ನೂ ಲೋಡ್ ರೇಂಜನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು ಹೋಗಬೇಕು.

ಪ್ಲೈ ರೇಟಿಂಗ್ ಎಂಬುದು ಬಲದ ದರ್ಜೆ, ಒಳಗಿರುವ ಪದರಗಳ ಎಣಿಕೆಯಲ್ಲ. ನಿಜವಾದ ಎಣಿಕೆ ಸೈಡ್‌ವಾಲಿನ ಮೇಲೆ ಸಣ್ಣ ಅಕ್ಷರದಲ್ಲಿದೆ. ನೈಲಾನ್ ಟೈರಿನಲ್ಲಿ ಟ್ರೆಡ್ (ನೆಲಕ್ಕೆ ತಾಗುವ ಭಾಗ) ಕೆಳಗೂ ಸೈಡ್‌ವಾಲಿನಲ್ಲೂ ಪದರ ಒಂದೇ ಲೆಕ್ಕ. ರೇಡಿಯಲ್‌ನಲ್ಲಿ ಟ್ರೆಡ್ ಕೆಳಗೆ ಸ್ಟೀಲ್ ಬೆಲ್ಟ್ ಸೇರಿ ಎಣಿಕೆ ಹೆಚ್ಚು, ಸೈಡ್‌ವಾಲಿನಲ್ಲಿ ಒಂದೋ ಎರಡೋ. ಎರಡು ಟೈರಿನ ಗುಣ ಎಲ್ಲಿ ಬೇರೆಯಾಗುತ್ತದೆ ಎಂಬುದು ಈ ಒಂದು ಸಾಲಿನಲ್ಲೇ ಸಿಗುತ್ತದೆ.

ಸೈಡ್‌ವಾಲ್ ಮೇಲೆ ಡಿಒಟಿ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಬಲಗಡೆಯದರಲ್ಲಿ 1816, ಅಂದರೆ 2016ರ 18ನೇ ವಾರ. ಪೂರ್ತಿ ಸಂಖ್ಯೆ ಟೈರಿನ ಒಂದೇ ಬದಿಯಲ್ಲಿ ಇರಬಹುದು; ಹೊರಗಡೆ ಕಾಣದಿದ್ದರೆ ಟ್ರೈಲರಿನ ಕೆಳಗೆ ತೂರಿ ಒಳಬದಿ ನೋಡಬೇಕು. ಈ ಟೈರಿನ ಟ್ರೆಡ್ ಹೊಸದರ ಹಾಗೆಯೇ ಇತ್ತು, ಆದರೆ ಕೈ ಆಡಿಸಿದರೆ ಅದರ ಮೇಲೆ ಒಂದು ಕಡೆ ಉಬ್ಬು. ಒಳಗೆ ಬೆಲ್ಟ್ ಬಿಡುತ್ತಿದೆ ಎಂಬುದರ ಗುರುತು ಅದು. ಅಂಥ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬಾರದು. ಎಡಗಡೆಯ ನೈಲಾನ್ ಟೈರಿನ ಎರಡೂ ಅಂಚು ಸವೆದು ನಡುಭಾಗ ಉಳಿದಿತ್ತು, ಟ್ರೆಡ್‌ನ ತೋಡುಗಳ ತಳದಲ್ಲಿ ಸಣ್ಣ ಬಿರುಕು. ಗಾಳಿ ಕಡಿಮೆ ಇಟ್ಟು ಭಾರ ಹೊತ್ತ ಟೈರು ಸವೆಯುವುದು ಹೀಗೆಯೇ.

ಹಂತ 2: ತೂಕ

ಟೈರು ಆರಿಸುವ ಕೆಲಸದಲ್ಲಿ ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆ. ಯಾವತ್ತೂ ಹೇರುವ ಪೂರ್ತಿ ಸಾಮಾನು ಹೇರಿಯೇ ತೂಗಬೇಕು. ಮೊದಲು ಕಾರಿನಿಂದ ಬಿಚ್ಚಿ ಇಡೀ ಟ್ರೈಲರ್, ಆಮೇಲೆ ಮೂತಿಯ ಭಾರ (ಕಾರಿಗೆ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್, ಮೇಲೆ ಬೀಳುವ ಭಾರ), ಆಮೇಲೆ ಒಂದೊಂದು ಚಕ್ರ.

ಒಟ್ಟು 910 ಕೆಜಿ. ಹಿಚ್ ಮೇಲೆ 100 ಕೆಜಿ, ಅಂದರೆ ಒಟ್ಟಿನ ಶೇಕಡಾ 11. ಆಕ್ಸಲ್ ಮೇಲೆ 810 ಕೆಜಿ. ಅದನ್ನು ಅರ್ಧ ಮಾಡಿ 405 ಎಂದು ಬರೆದುಕೊಳ್ಳುವುದು ಸುಲಭ, ತಪ್ಪೂ ಅಲ್ಲೇ ಆಗುತ್ತದೆ. ಚಕ್ರ ಚಕ್ರ ತೂಗಿದಾಗ ಎಡಕ್ಕೆ 440, ಬಲಕ್ಕೆ 370. ಉಪಕರಣದ ಪೆಟ್ಟಿಗೆ ಎಡ ಮೂಲೆಯಲ್ಲಿತ್ತು. ಅದನ್ನು ನಡುವಿಗೆ ಸರಿಸಿದ ಮೇಲೆ 415 ಮತ್ತು 395. ಆದರೂ ಟೈರಿನ ಲೆಕ್ಕಕ್ಕೆ 440ನ್ನೇ ಹಿಡಿದದ್ದು. ಸಾಮಾನು ಪ್ರತಿಸಲವೂ ಸಮನಾಗಿ ಕೂರುವುದಿಲ್ಲ.

ಹಂತ 3: ಲೋಡ್ ರೇಂಜ್

ಈ ಅಳತೆಯಲ್ಲಿ ಲೋಡ್ ರೇಂಜ್ ಬಿ ಟೈರು 35 ಪಿಎಸ್‌ಐ ಗಾಳಿಯಲ್ಲಿ 499 ಕೆಜಿ ಹೊರುತ್ತದೆ. ಸಿ ಟೈರು 50 ಪಿಎಸ್‌ಐನಲ್ಲಿ 617 ಕೆಜಿ. ಭಾರದ ಲೆಕ್ಕದಲ್ಲಿ ರೇಡಿಯಲ್ಲೂ ನೈಲಾನೂ ಒಂದೇ: ಅಳತೆ, ಲೋಡ್ ರೇಂಜ್, ಗಾಳಿ ಸಮ ಇದ್ದರೆ ಸೈಡ್‌ವಾಲ್ ಮೇಲಿನ ಅಂಕಿಯೂ ಸಮ. "ರೇಡಿಯಲ್ ಹೆಚ್ಚು ಹೊರುತ್ತದೆ" ಅಥವಾ "ನೈಲಾನ್ ಗಟ್ಟಿ, ಹೆಚ್ಚು ಹೊರುತ್ತದೆ" ಎಂಬ ಎರಡು ಮಾತೂ ಬರುವುದು ಬಿ ದರ್ಜೆಯ ಒಂದನ್ನು ಸಿ ದರ್ಜೆಯ ಇನ್ನೊಂದರ ಪಕ್ಕ ಇಟ್ಟು ನೋಡಿದಾಗ.

440 ಕೆಜಿಗೆ ಬಿ ಟೈರು ಸಾಕು ಎನ್ನಬಹುದು, ಆದರೆ ಉಳಿಕೆ ಶೇಕಡಾ 13 ಮಾತ್ರ. ಒಂದು ಗುಂಡಿಗೆ ಬಿದ್ದಾಗ, ಗಾಳಿ 5 ಪಿಎಸ್‌ಐ ಇಳಿದಾಗ ಅದು ಕರಗಿಹೋಗುತ್ತದೆ: 30 ಪಿಎಸ್‌ಐನಲ್ಲಿ ಇದೇ ಅಳತೆಯ ಟೈರು ಹೊರುವುದು 454 ಕೆಜಿ. ಸಿ ಹಾಕಿದರೆ ಉಳಿಕೆ ಶೇಕಡಾ 40. ಶೇಕಡಾ 20ಕ್ಕಿಂತ ಕಡಿಮೆ ಉಳಿಕೆಯ ಟೈರನ್ನು ಟ್ರೈಲರಿಗೆ ಹಾಕಲೇಬಾರದು ಎಂಬುದು ಈ ಕೆಲಸದಲ್ಲಿ ಇಟ್ಟುಕೊಂಡ ಗೆರೆ. ಹಾಗಾಗಿ ಲೋಡ್ ರೇಂಜ್ ಸಿ.

ಕಾರಿನ ಟೈರು ಹಾಕಿದರೆ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ಯಾಸೆಂಜರ್ ಟೈರನ್ನು ಟ್ರೈಲರಿಗೆ ಹಾಕುವಾಗ ಅದರ ಭಾರದ ಅಂಕಿಯನ್ನು 1.10ರಿಂದ ಭಾಗಿಸಬೇಕು. ಲೋಡ್ ಇಂಡೆಕ್ಸ್ 83 ಇರುವ ಟೈರು 487 ಕೆಜಿ ಎನ್ನುತ್ತದೆ, ಭಾಗಿಸಿದರೆ 443. ಬೇಕಾದದ್ದು 440. ಲೆಕ್ಕ ಅಲ್ಲಿಗೇ ಮುಗಿಯಿತು. ಮೇಲಾಗಿ ಕಾರಿನ ಟೈರಿನ ಮೆತ್ತಗಿನ ಸೈಡ್‌ವಾಲ್, ಎತ್ತರಕ್ಕೆ ಹೇರಿದ ಟ್ರೈಲರನ್ನು ಅತ್ತಿತ್ತ ಓಲಾಡಿಸುತ್ತದೆ.

ಹಂತ 4: ರೇಡಿಯಲ್ಲೋ ನೈಲಾನೋ

ಹೋಲಿಕೆಗಾಗಿ ಒಂದೇ ಅಳತೆಯ, ಒಂದೇ ಲೋಡ್ ರೇಂಜಿನ ಎರಡು ಜೋಡಿಯನ್ನೂ ಇದೇ ಟ್ರೈಲರಿಗೆ ಹಾಕಿ ನೋಡಿದ್ದು. ಎರಡಕ್ಕೂ 50 ಪಿಎಸ್‌ಐ, ಅದೇ ಸಾಮಾನು.

ಮೊದಲು ಸೀಮೆಸುಣ್ಣದ ಪರೀಕ್ಷೆ. ಟ್ರೆಡ್ ಅಡ್ಡಕ್ಕೆ ದಪ್ಪ ಗೆರೆ ಎಳೆದು, ಸಮತಟ್ಟಾದ ನೆಲದಲ್ಲಿ ನೇರವಾಗಿ ಎಳೆದು ನಿಲ್ಲಿಸಿ ನೋಡುವುದು. ಭಾರ ಹೊತ್ತಾಗ ರೇಡಿಯಲ್‌ನಲ್ಲಿ ಗೆರೆ ಅಂಚಿನಿಂದ ಅಂಚಿಗೆ ಅಳಿಸಿತ್ತು. ನೈಲಾನ್‌ನಲ್ಲಿ ನಡುವೆ ಪೂರ್ತಿ ಅಳಿಸಿ, ಎರಡು ಅಂಚಿನಲ್ಲಿ ಸ್ವಲ್ಪ ಉಳಿದಿತ್ತು; ಅದರ ಟ್ರೆಡ್ ಹುಟ್ಟಿನಿಂದಲೇ ಕೊಂಚ ಗುಂಡಗೆ. ಖಾಲಿ ಟ್ರೈಲರಿನಲ್ಲಿ ಎರಡೂ ನಡುವೆ ಮಾತ್ರ ಅಳಿಸಿದವು, ನೈಲಾನ್‌ನಲ್ಲಿ ಆ ಪಟ್ಟಿ ಇನ್ನೂ ಕಿರಿದು.

ಆಮೇಲೆ ಬದಿಗೆ ತಳ್ಳುವುದು. ಟ್ರೈಲರಿನ ಮೇಲಂಚನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದರೆ ರೇಡಿಯಲ್ ಮೇಲೆ ಹೆಚ್ಚು ತೂಗುತ್ತದೆ. ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಅಡ್ಡಡ್ಡ ಹಾದು ಬೀಡಿನಿಂದ ಬೀಡಿಗೆ (ಬೀಡ್ ಎಂದರೆ ರಿಮ್ ಮೇಲೆ ಕೂರುವ ಟೈರಿನ ಅಂಚು) ಹೋಗುತ್ತವೆ, ಸೈಡ್‌ವಾಲೂ ಟ್ರೆಡ್ಡೂ ಒಂದೇ ಕಟ್ಟು. ಅದು ಬಾಗುವುದು ಕಡಿಮೆ, ಬಾಗಿದಾಗ ಪದರಕ್ಕೆ ಪದರ ಉಜ್ಜಿ ಬಿಸಿ ಹೆಚ್ಚು. ರೇಡಿಯಲ್‌ನಲ್ಲಿ ದಾರ ನೇರವಾಗಿ ಬೀಡಿನಿಂದ ಬೀಡಿಗೆ, ಮೇಲೆ ಸ್ಟೀಲ್ ಬೆಲ್ಟ್. ಸೈಡ್‌ವಾಲ್ ತನ್ನಷ್ಟಕ್ಕೆ ಬಾಗುತ್ತದೆ, ಟ್ರೆಡ್ ಚಪ್ಪಟೆಯಾಗಿ ನೆಲದ ಮೇಲೆ ಉಳಿಯುತ್ತದೆ, ಬಿಸಿ ಕಡಿಮೆ.

ಆ ಬಿಸಿಯೇ ಇಲ್ಲಿ ತೀರ್ಮಾನ ಮಾಡಿದ್ದು. ರೇಡಿಯಲ್ ಹೆಚ್ಚು ಓಡುತ್ತದೆ, ಟ್ರೆಡ್ ನಿಧಾನ ಸವೆಯುತ್ತದೆ ಎನ್ನುವುದು ನಿಜವೇ. ಆದರೆ ಸಣ್ಣ ಟ್ರೈಲರಿನ ಟೈರು ಸವೆದು ಸಾಯುವುದು ಅಪರೂಪ. ನಿಂತಲ್ಲೇ ವಯಸ್ಸಾಗಿ, ಬಿರುಕು ಬಿಟ್ಟು ಹೋಗುತ್ತದೆ. ಐದಾರು ವರ್ಷಕ್ಕೆ ಹೇಗೂ ಬದಲಿಸಬೇಕಾದ ಟೈರಿಗೆ ಸವೆತದ ಲಾಭ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಭಾರ ಹೊತ್ತು ಹೆದ್ದಾರಿಯಲ್ಲಿ ಎಡೆಬಿಡದೆ ಓಡುವಾಗ ಎಷ್ಟು ಬಿಸಿಯಾಗುತ್ತದೆ ಎಂಬುದು. ಈ ಟ್ರೈಲರಿನ ಕೆಲಸ ಅದೇ: ವಿರಳವಾಗಿ ಹೊರಡುತ್ತದೆ, ಹೊರಟರೆ ತುಂಬಿದ ಭಾರದಲ್ಲಿ 80ರಿಂದ 90 ಕಿಮೀ ವೇಗದಲ್ಲಿ ದೂರ ಹೋಗುತ್ತದೆ. ಆದ್ದರಿಂದ ರೇಡಿಯಲ್.

ವೇಗದ ಗುರುತನ್ನೂ ನೋಡಿ ಆರಿಸಿದ್ದು. ಎಸ್‌ಟಿ ಟೈರಿನ ಮೇಲೆ ವೇಗದ ಅಕ್ಷರವೇ ಇಲ್ಲದಿದ್ದರೆ ಗಂಟೆಗೆ 105 ಕಿಮೀ ಮಿತಿ ಎಂದೇ ಹಿಡಿಯಬೇಕು. ಎಲ್ ಇದ್ದರೆ 120, ಎಂ ಇದ್ದರೆ 130. ಇಲ್ಲಿ ತಂದದ್ದು ಎಂ.

ಚಕ್ರ ಇನ್ನೂ ಸಣ್ಣದಿದ್ದರೆ ಈ ವಿಚಾರ ಮತ್ತೂ ಬಿಗಿಯಾಗುತ್ತದೆ. 90 ಕಿಮೀ ವೇಗ ಎಂದರೆ ನಿಮಿಷಕ್ಕೆ 1500 ಮೀಟರ್. ಸುಮಾರು 610 ಮಿಮೀ ವ್ಯಾಸದ ಈ 13 ಇಂಚಿನ ಟೈರು ನಿಮಿಷಕ್ಕೆ 780 ಸುತ್ತು ಹೊಡೆದರೆ, 4.80-8 ಅಳತೆಯ ಸುಮಾರು 406 ಮಿಮೀ ವ್ಯಾಸದ ಟೈರು 1180 ಸುತ್ತು ಹೊಡೆಯುತ್ತದೆ. ಸುತ್ತಿಗೊಮ್ಮೆ ರಬ್ಬರು ಬಾಗಿ ನೆಟ್ಟಗಾಗಬೇಕು, ಬೇರಿಂಗೂ ಅಷ್ಟೇ ಸಲ ತಿರುಗಬೇಕು. 8 ಇಂಚಿನ ಅಳತೆಗಳಲ್ಲಿ ಸಿಗುವುದು ಹೆಚ್ಚಾಗಿ ನೈಲಾನೇ. ಅಂಥ ಟ್ರೈಲರಿಗೆ ಟೈರಿನ ಜಾತಿ ಬದಲಿಸಲು ಒದ್ದಾಡುವುದಕ್ಕಿಂತ ವೇಗ ಇಳಿಸುವುದೇ ದಾರಿ.

ನೈಲಾನ್ ಸರಿಯಾದ ಆಯ್ಕೆಯಾಗುವ ಕೆಲಸಗಳೂ ಇವೆ, ಅವು ಸಣ್ಣವಲ್ಲ. ಹೊಲ, ಕಲ್ಲುದಾರಿ, ಕೂಳೆ ತುಂಬಿದ ನೆಲ, 50 ಕಿಮೀ ಒಳಗಿನ ವೇಗ, ಹತ್ತಿರದ ಓಡಾಟ: ಇಲ್ಲಿ ಬಿಸಿ ಏರುವಷ್ಟು ಓಟವೇ ಇಲ್ಲ, ಬದಲಿಗೆ ಸೈಡ್‌ವಾಲಿಗೆ ಚೂಪು ಕಲ್ಲು, ಮೊಳೆಯಂಥ ಕೂಳೆ ತಗಲುತ್ತದೆ. ಸೈಡ್‌ವಾಲಿನಲ್ಲೂ ಪೂರ್ತಿ ಪದರವಿರುವ ಟೈರು ಅದನ್ನು ತಾಳಿಕೊಳ್ಳುತ್ತದೆ, ರೇಡಿಯಲ್ ಸೀಳಿಹೋಗುತ್ತದೆ. ಸೈಡ್‌ವಾಲ್ ಸೀಳಿದ ರೇಡಿಯಲ್ಲಿಗೆ ಭರವಸೆಯ ರಿಪೇರಿ ಇಲ್ಲ. ಬೆಲೆಯೂ ಸಾಮಾನ್ಯವಾಗಿ ನೈಲಾನಿಗೇ ಕಡಿಮೆ. ಎತ್ತರದ, ತಲೆಭಾರದ ಸಾಮಾನನ್ನು ನಿಧಾನವಾಗಿ ಸಾಗಿಸುವಾಗಲೂ ಅದರ ಬಿಗಿ ಒಳ್ಳೆಯದೇ.

ಎರಡನ್ನೂ ಬೆರೆಸುವ ಹಾಗಿಲ್ಲ. ತೆಗೆದ ಜೋಡಿಯಲ್ಲಿ ಆದದ್ದು ಇದೇ: ತಿರುವಿನಲ್ಲಿ ಒಂದು ಬದಿ ಬಾಗುತ್ತದೆ, ಇನ್ನೊಂದು ಬಾಗುವುದಿಲ್ಲ, ಉರುಳುವ ಎಳೆತವೂ ಎರಡರದು ಬೇರೆ. ಕಾರಿಗೆ ರೇಡಿಯಲ್ ಇದ್ದು ಟ್ರೈಲರಿಗೆ ಪೂರ್ತಿ ನೈಲಾನ್ ಇದ್ದರೆ ತೊಂದರೆಯಿಲ್ಲ. ಟ್ರೈಲರಿನೊಳಗೆ ಮಾತ್ರ ಎಲ್ಲವೂ ಒಂದೇ ಜಾತಿ ಇರಬೇಕು.

ಹಂತ 5: ಜಾಗ, ರಿಮ್, ವಾಲ್ವ್

ಅಳತೆ ಒಂದೇ ಆದರೂ ಭಾರ ಬಿದ್ದಾಗ ರೇಡಿಯಲ್‌ನ ಹೊಟ್ಟೆ ಹೆಚ್ಚು ಹೊರಬರುತ್ತದೆ. ಟೈರಿನ ಒಳಬದಿಗೂ ಸ್ಪ್ರಿಂಗಿಗೂ ನಡುವಿನ ಸಂದು ಭಾರ ಹೇರಿಯೇ ಅಳೆಯಬೇಕು. ಇಲ್ಲಿ 38 ಮಿಮೀ ಸಿಕ್ಕಿತು, ಸಾಕು. ಟೈರಿನ ಮೇಲಿಂದ ಮಡ್‌ಗಾರ್ಡಿಗೆ ಭಾರದಲ್ಲೂ 75 ಮಿಮೀ ಉಳಿಯಬೇಕು ಎಂಬ ಲೆಕ್ಕದಲ್ಲಿ ನೋಡಿದ್ದು.

ರಿಮ್‌ನ ಹಿಂಬದಿಯಲ್ಲಿ ಒತ್ತಿರುವ ಭಾರ ಮತ್ತು ಗಾಳಿಯ ಮಿತಿ ಓದದೆ ಲೋಡ್ ರೇಂಜ್ ಏರಿಸಬಾರದು. ಬಿ ಟೈರಿಗೆಂದು ಬಂದ ರಿಮ್‌ಗೆ ಸಿ ಅಥವಾ ಡಿ ಹಾಕಿ ಗಾಳಿ ಏರಿಸಿದರೆ ಸೋಲುವುದು ರಿಮ್.

ಬೀಡ್ ಕೂರುವ ಅಂಚಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಬರಿಲೋಹದವರೆಗೆ ತೆಗೆದು, ತೆಳ್ಳಗೆ ಬಣ್ಣ ಬಳಿದದ್ದು. ಇಲ್ಲಿ ದಪ್ಪ ಬಣ್ಣ ಬೇಡ. ಅದು ಸಿಪ್ಪೆಯೆದ್ದು ನಿಧಾನವಾಗಿ ಗಾಳಿ ಬಿಡುತ್ತದೆ.

ರಬ್ಬರ್ ವಾಲ್ವುಗಳಲ್ಲಿ ಸಾಮಾನ್ಯ ಟಿಆರ್ 413 ತಡೆಯುವುದು 65 ಪಿಎಸ್‌ಐ. 50 ಪಿಎಸ್‌ಐ ಟೈರಿಗೆ ಅದು ಸಾಕು. ಡಿ ಅಥವಾ ಇ ದರ್ಜೆಯ ಟೈರಿಗೆ 100 ಪಿಎಸ್‌ಐ ತಡೆಯುವ ಟಿಆರ್ 600 ಎಚ್‌ಪಿ, ಇಲ್ಲವೇ ನಟ್ ಬಿಗಿಯುವ ಲೋಹದ ವಾಲ್ವ್ ಬೇಕು. ಟೈರು ಬದಲಿಸಿದಾಗಲೆಲ್ಲ ವಾಲ್ವೂ ಹೊಸದು. ಒಂದು ರಿಮ್‌ನಲ್ಲಿ ಹೊಸ ವಾಲ್ವ್ ಸುತ್ತ ಸೋಪುನೀರಿನ ಗುಳ್ಳೆ ಬಂತು. ಕಾರಣ ರಂಧ್ರದ ಅಂಚಿನ ತುಕ್ಕು. ಸಣ್ಣ ಅರದಿಂದ ನಯ ಮಾಡಿ ಮತ್ತೊಂದು ವಾಲ್ವ್ ಹಾಕಿದ ಮೇಲೆ ನಿಂತಿತು. ರಂಧ್ರ 11.5 ಮಿಮೀ, ಅರ ಆಡಿಸಿ ಅದನ್ನು ದೊಡ್ಡದು ಮಾಡಬಾರದು.

ಹಂತ 6: ಟೈರು ಏರಿಸಿದ್ದು

ರಿಮ್‌ನ ನಡುವಿನ ತಗ್ಗು ಯಾವ ಅಂಚಿಗೆ ಹತ್ತಿರವೋ ಆ ಬದಿಯಿಂದಲೇ ಟೈರು ಹಾಕಬೇಕು. ಎದುರು ಬದಿಯಿಂದ ಹಾಕಲು ಹೋದರೆ ಲಿವರಿಗೆ ಬಲ ಹೆಚ್ಚಿ ಬೀಡಿನ ತಂತಿ ನಲುಗುತ್ತದೆ. ಬೀಡಿಗೆ ಗಟ್ಟಿ ಸೋಪುದ್ರಾವಣ ಹಚ್ಚಿದ್ದು. ಎಣ್ಣೆ, ಗ್ರೀಸು ಹಚ್ಚಬಾರದು.

ಮೊದಲ ರೇಡಿಯಲ್ ಗಾಳಿಯನ್ನೇ ಹಿಡಿಯಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಿದ್ದರಿಂದ ಎರಡು ಬೀಡೂ ಒಳಕ್ಕೆ ಒತ್ತಿಹೋಗಿ ರಿಮ್‌ಗೆ ತಾಗುತ್ತಲೇ ಇರಲಿಲ್ಲ. ಟ್ರೆಡ್ ಸುತ್ತ ಪಟ್ಟಿ ಕಟ್ಟಿ ಬಿಗಿಯುವ ಉಪಾಯ ನೈಲಾನ್ ಟೈರಿಗೆ ನಡೆಯುತ್ತದೆ (10 ಪಿಎಸ್‌ಐ ತಲುಪುವ ಮೊದಲೇ ಪಟ್ಟಿ ಬಿಚ್ಚಬೇಕು). ಸ್ಟೀಲ್ ಬೆಲ್ಟಿನ ರೇಡಿಯಲ್ ಹಾಗೆ ಕುಗ್ಗುವುದಿಲ್ಲ, ಪಟ್ಟಿ ಬಿಗಿದದ್ದು ವ್ಯರ್ಥ. ಟೈರು ತೆಗೆದು, ಎರಡು ಬೀಡಿನ ನಡುವೆ ಮರದ ತುಂಡುಗಳನ್ನು ಕೊಟ್ಟು ಅಗಲಿಸಿ ರಾತ್ರಿಯಿಡೀ ಬಿಟ್ಟ ಮೇಲೆ ಸಲೀಸಾಗಿ ಕೂತಿತು. ಹೊತ್ತಿಕೊಳ್ಳುವ ಸ್ಪ್ರೇ ಹಾಕಿ ಬೆಂಕಿ ತಗುಲಿಸಿ ಬೀಡ್ ಕೂರಿಸುವುದನ್ನು ಮಾತ್ರ ಯಾರೂ ಮಾಡಬಾರದು. ಜೀವ ಹೋಗಿರುವ ಕೆಲಸ ಅದು.

ವಾಲ್ವಿನ ಒಳಗಿನ ಕೋರ್ ತೆಗೆದು, ಪೈಪಿನ ತುದಿ ಕಚ್ಚಿಸಿ, ದೂರ ನಿಂತು ಗಾಳಿ ಬಿಟ್ಟದ್ದು. ಬೀಡ್ ಕೂರಿಸಲು 40 ಪಿಎಸ್‌ಐ ದಾಟಬಾರದು. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ಹಚ್ಚಿ, ಮೊದಲಿನಿಂದ. ಕೂತ ಮೇಲೆ ರಿಮ್ ಅಂಚಿನ ಪಕ್ಕದ ತೆಳುಗೆರೆ ಸುತ್ತಲೂ ಸಮ ದೂರದಲ್ಲಿದೆಯೇ ನೋಡಿ, ಕೋರ್ ಹಾಕಿ 50ಕ್ಕೆ ಏರಿಸಿದ್ದು.

ಬ್ಯಾಲೆನ್ಸ್ ಮಾಡಿಸುವಾಗ ಒಂದು ಎಚ್ಚರ. ಹಲವು ಟ್ರೈಲರ್ ರಿಮ್‌ಗಳು ಸ್ಟಡ್ ಮೇಲೆ ಕೇಂದ್ರ ಹಿಡಿಯುತ್ತವೆ, ನಡುರಂಧ್ರದ ಮೇಲಲ್ಲ. ಯಂತ್ರದಲ್ಲಿ ನಡುರಂಧ್ರಕ್ಕೆ ಕೋನ್ ಹಾಕಿ ಕೂರಿಸಿದರೆ ಓದಿದ್ದೆಲ್ಲ ಸುಳ್ಳು. ಸ್ಟಡ್ ರಂಧ್ರಗಳಲ್ಲಿ ಕೂರುವ ಅಡಾಪ್ಟರ್ ಹಾಕಿಸಬೇಕು.

ಹಂತ 7: ಚಕ್ರ ಕೂರಿಸಿದ್ದು

ಚಕ್ರ ಹೊರಗಿದ್ದಾಗಲೇ ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬಿದ್ದು. ಹಬ್ ಹಿಡಿದು ಎಳೆದಾಗ ಆಟ 0.025ರಿಂದ 0.25 ಮಿಮೀ ಒಳಗೆ.

ಅರ್ಧ ಇಂಚಿನ ಸ್ಟಡ್. ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ, ಮೂರು ಸುತ್ತಿನಲ್ಲಿ ಬಿಗಿದದ್ದು: 30, 75, ಕೊನೆಗೆ 130 ನ್ಯೂಟನ್ ಮೀಟರ್. ಆಕ್ಸಲ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಇಂಪ್ಯಾಕ್ಟ್ ಗನ್ನಿನಿಂದ ಒಂದೇ ಏಟಿಗೆ ಬಿಗಿದರೆ ರಿಮ್ ಓರೆಯಾಗಿ ಕೂರುತ್ತದೆ. ಬಣ್ಣ ಬಳಿದ ರಿಮ್‌ನಲ್ಲಿ ನಟ್ ಕೂರುವ ಕೋನದ ಬಣ್ಣ ಸವೆದು ಬಿಗಿ ಇಳಿಯುತ್ತದೆ. ಅದಕ್ಕೇ 15, 40 ಮತ್ತು 80 ಕಿಮೀಗೆ ಮತ್ತೆ ಟಾರ್ಕ್ ನೋಡಿದ್ದು. 15 ಕಿಮೀಗೆ ಎಡಚಕ್ರದ ಎರಡು ನಟ್ ತುಸು ತಿರುಗಿದವು, 80ಕ್ಕೆ ಯಾವುದೂ ತಿರುಗಲಿಲ್ಲ.

ಹಂತ 8: ರಸ್ತೆ

ಗಾಳಿ ನೋಡುವುದು ತಣ್ಣಗಿದ್ದಾಗ, ಅಂದರೆ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ಓಡಿದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಏರಲಿ. ಬಿಸಿಯಲ್ಲಿ 50ಕ್ಕೆ ಇಳಿಸಿದರೆ ತಣ್ಣಗಾದಾಗ ಕಡಿಮೆ ಗಾಳಿಯಲ್ಲೇ ಉಳಿಯುತ್ತದೆ. ಹವೆ 5–6 ಡಿಗ್ರಿ ಸೆಲ್ಸಿಯಸ್ ಬದಲಾದರೆ ಸುಮಾರು 1 ಪಿಎಸ್‌ಐ ವ್ಯತ್ಯಾಸ.

ಕಣ್ಣಂದಾಜು ಎರಡು ಟೈರಿನಲ್ಲೂ ಮೋಸ, ಆದರೆ ಮೋಸದ ದಿಕ್ಕು ಬೇರೆ. ಸರಿಯಾದ ಗಾಳಿಯಲ್ಲೂ ರೇಡಿಯಲ್‌ನ ಬುಡ ಉಬ್ಬಿಕೊಂಡೇ ಕಾಣುತ್ತದೆ, ಅದನ್ನು ನೋಡಿ ಗಾಳಿ ಹೆಚ್ಚು ತುಂಬುವವರಿದ್ದಾರೆ. ನೈಲಾನ್ ಇನ್ನೂ ಅಪಾಯ: ಬೇಕಾದ ಗಾಳಿಯಲ್ಲಿ ಎಷ್ಟೋ ಇಳಿದುಹೋಗಿದ್ದರೂ ಬಿಗಿ ಸೈಡ್‌ವಾಲ್ ನೆಟ್ಟಗೆ ನಿಂತು ಚೆನ್ನಾಗಿಯೇ ಕಾಣುತ್ತದೆ. ತೆಗೆದ ಎಡ ಟೈರಿನ ಅಂಚು ಸವೆದದ್ದು ಹಾಗೆಯೇ. ಗೇಜಿಲ್ಲದೆ ಹೊರಡಬಾರದು.

ನಿಲ್ಲಿಸಿದ ಕೂಡಲೇ ಎರಡೂ ಟ್ರೆಡ್‌ಗೆ, ಎರಡೂ ಹಬ್‌ಗೆ ಥರ್ಮಾಮೀಟರ್ ಹಿಡಿದದ್ದು. ಬಿಸಿಲು ಬೀಳುವ ಬದಿ ಕೊಂಚ ಹೆಚ್ಚೇ ಇರುತ್ತದೆ. ಎಡಬಲದ ನಡುವೆ 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹುಡುಕಬೇಕು: ಟ್ರೆಡ್ ಬಿಸಿಯಾದರೆ ಗಾಳಿ ಅಥವಾ ಭಾರ, ಹಬ್ ಬಿಸಿಯಾದರೆ ಬೇರಿಂಗ್ ಅಥವಾ ಅಂಟಿಕೊಂಡ ಬ್ರೇಕ್.

ಹೊಸ ರೇಡಿಯಲ್ ಮೇಲೆ ಎಳೆತ ಹೋಯಿತು. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಸಣ್ಣ ಓಲಾಟ ಮಾತ್ರ ಉಳಿಯಿತು. ಟೈರನ್ನು ದೂರುವ ಮೊದಲು ಮೂತಿಯ ಭಾರ ನೋಡಬೇಕು. ಸಾಮಾನನ್ನು ಒಂದು ಗೇಣು ಮುಂದಕ್ಕೆ ಸರಿಸಿ ಹಿಚ್ ಭಾರವನ್ನು 100ರಿಂದ 115 ಕೆಜಿಗೆ ಏರಿಸಿದಾಗ ಅದೂ ನಿಂತಿತು. ಹಿಚ್ ಮತ್ತು ಕಾರಿನ ಮಿತಿ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಖಾಲಿ ಓಡಿಸುವಾಗ 50 ಪಿಎಸ್‌ಐನಲ್ಲಿ ಟ್ರೈಲರ್ ಪುಟಿಯುತ್ತದೆ. 35ಕ್ಕೆ ಇಳಿಸಿದರೂ ಒಂದೊಂದು ಟೈರು 499 ಕೆಜಿ ಹೊರುವುದರಿಂದ ಖಾಲಿ ಟ್ರೈಲರಿಗೆ ಧಾರಾಳ. ಆದರೆ ಹೇರುವ ಮೊದಲು ಮತ್ತೆ 50 ತುಂಬುವ ಶಿಸ್ತು ಇರದಿದ್ದರೆ ಪುಟಿತವನ್ನು ಸಹಿಸಿಕೊಂಡು 50ರಲ್ಲೇ ಇಡುವುದು ಮೇಲು.

ಹಂತ 9: ನಿಲ್ಲಿಸಿಡುವುದು, ಸ್ಟೆಪ್ನಿ

ನೈಲಾನ್ ಟೈರು ಬಹಳ ದಿನ ಒಂದೇ ಕಡೆ ನಿಂತರೆ ಬುಡ ಚಪ್ಪಟೆಯಾಗಿ, ಹೊರಟಾಗ ಕೆಲವು ಕಿಮೀ ದಡದಡ ಎನ್ನುತ್ತದೆ. ಬಿಸಿಯಾದ ಮೇಲೆ ಸರಿಹೋಗುತ್ತದೆ. ರೇಡಿಯಲ್‌ಗೆ ಈ ತೊಂದರೆ ಕಡಿಮೆ. ಬಿಸಿಲಿನ ಬಿರುಕಿಗೆ ಮಾತ್ರ ಎರಡೂ ಸಮಾನ. ಆಕ್ಸಲನ್ನು ಸ್ಟ್ಯಾಂಡ್ ಮೇಲೆ ಎತ್ತಿಟ್ಟು, ಟೈರಿಗೆ ಬಿಸಿಲು ಬೀಳದಂತೆ ಹೊದಿಕೆ ಹಾಕಿದ್ದು.

ಸ್ಟೆಪ್ನಿಯೂ ಅದೇ ಅಳತೆ, ಅದೇ ಲೋಡ್ ರೇಂಜ್, ರೇಡಿಯಲ್. ಮೂರೂ ಟೈರಿನ ತಯಾರಿಕೆಯ ವಾರವನ್ನು ಮಡ್‌ಗಾರ್ಡಿನ ಒಳಬದಿಯಲ್ಲಿ ಬಣ್ಣದಿಂದ ಬರೆದದ್ದು. ಬಳಸದ ಸ್ಟೆಪ್ನಿಗೂ ವಯಸ್ಸಾಗುತ್ತದೆ, ಅದನ್ನೂ ಉಳಿದೆರಡರ ಜೊತೆಗೇ ಬದಲಿಸಬೇಕು. ಗಾಳಿ 50ರಲ್ಲೇ ಇರಲಿ. ಕಡಿಮೆ ಬೇಕಾದರೆ ರಸ್ತೆಬದಿಯಲ್ಲಿ ಬಿಡಬಹುದು, ತುಂಬಲಾಗದು.